ಬೀಜದ ಕುದುರೆಯಲ್ಲಿ ಪಾಲು

ವಿಜಯನಗರದ ಹೆಸರಿನಲ್ಲಿ ಈ ನಾಡಿನಲ್ಲಿ ಏನೇನನ್ನು ಮಾರುತ್ತಾರೆಂಬುದಕ್ಕೆ ಲೆಕ್ಕವಿಲ್ಲ. ಅಕ್ಕಿಯ ಚೀಲದ ಮೇಲೆ ಕಲ್ಲಿನ ರಥ, ಸಿಮೆಂಟಿನ ಜಾಹೀರಾತಿನಲ್ಲಿ ಕೃಷ್ಣದೇವರಾಯ, ಖಾನಾವಳಿಯ ಗೋಡೆಯ ಮೇಲೆ ವಿರೂಪಾಕ್ಷನ ಗೋಪುರ. ಗಂಗಾವತಿಯಲ್ಲಿ ವಾಸಿಸುವ ನಮಗೆ ಇದು ರೂಢಿಯಾಗಿಹೋಗಿದೆ. ಆನೆಗುಂದಿ ಕೂಗಳತೆಯಲ್ಲಿರುವಾಗ ಅದರ ನೆರಳನ್ನು ನಾಲ್ಕು ಜನ ಹಂಚಿಕೊಂಡರೆ ತಕರಾರೇಕೆ ಎಂದು ಸುಮ್ಮನಿರುತ್ತೇವೆ. ಆದರೆ ಈಚೆಗೆ ನಮ್ಮೂರಿನ ಗಿರಣಿ ಮಾಲೀಕರ, ದಲಾಲರ, ಡಾಕ್ಟರರ, ಕಾಲೇಜು ಅಧ್ಯಾಪಕರ ಕೈಯಿಂದ ಕೈಗೆ ಓಡಾಡುತ್ತಿರುವ ಒಂದು ಹೊಳಪು ಕಾಗದದ ಪುಸ್ತಿಕೆಯನ್ನು ಓದಿದ ಮೇಲೆ ಸುಮ್ಮನಿರುವುದು ಕನ್ನಡ ಪಾಠ ಹೇಳಿ ಸಂಬಳ ಪಡೆಯುವವನಿಗೆ ತಕ್ಕುದಲ್ಲವೆಂದು ತೋರಿತು.

ಪುಸ್ತಿಕೆಯ ಸಾರ ಇಷ್ಟು: ರಾಯರು ಮುತ್ತುರತ್ನ ಸುರಿದು ಕುದುರೆ ಕೊಂಡ ನೆಲ ಇದು, ಆ ಪರಂಪರೆಯ ವಾರಸುದಾರರಾದ ನೀವು ಒಂದು ಥರೋಬ್ರೆಡ್ ಬೀಜದ ಕುದುರೆಯಲ್ಲಿ ಪಾಲುದಾರರಾಗಿರಿ. ಒಟ್ಟು ೪೦ ಪಾಲು. ಒಂದು ಪಾಲಿಗೆ ವರ್ಷಕ್ಕೊಂದು ಹೆಣ್ಣು ಕುದುರೆಯನ್ನು ಕೂಡಿಸುವ ಹಕ್ಕು. ನಿಮ್ಮಲ್ಲಿ ಹೆಣ್ಣು ಕುದುರೆಯಿಲ್ಲವೇ? ಚಿಂತೆಯಿಲ್ಲ, ಆ ಹಕ್ಕನ್ನು ನಾವೇ ಮಾರಿಸಿ ಹಣವನ್ನು ಮನೆಗೆ ಮುಟ್ಟಿಸುತ್ತೇವೆ. ಕುದುರೆಗೆ ಹುಲ್ಲು ಹಾಕುವುದು, ಮೈ ತಿಕ್ಕುವುದು, ಔಷಧ ಕೊಡಿಸುವುದು ಎಲ್ಲ ನಮ್ಮ ಪಾಲಿಗಿರಲಿ. ನೀವು ಏನನ್ನೂ ಮಾಡಬೇಕಾಗಿಲ್ಲ.

ಪುಸ್ತಿಕೆಯನ್ನು ನನಗೆ ತಂದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ, ಈಗ ಎ.ಪಿ.ಎಂ.ಸಿ.ಯಲ್ಲಿ ಅಡತಿ ಅಂಗಡಿ ನೋಡಿಕೊಳ್ಳುತ್ತಾನೆ.

“ಸರ, ಹೊಲಾ ಹಿಡದ್ರ ಕಾಲುವಿ ನೀರಿನ ಭರೋಸಾ ಇಲ್ಲ, ಸೈಟ್ ಹಿಡದ್ರ ಖಾತಾ ಆಗಂಗಿಲ್ಲ. ಕುದ್ರಿ ಪಾಲು ಆದ್ರ ಕುಂತಲ್ಲೇ ವರ್ಷಾ ರೊಕ್ಕಾ ಬರ್ತೈತಂತ್ರೀ. ನೀವೂ ಒಂದ್ ಅರ್ಧಾ ಪಾಲು ಹಿಡೀರಿ.”

“ಕುದ್ರಿ ನೋಡೀಯೇನಪಾ?”

“ಫೋಟೋ ನೋಡೀನ್ರೀ ಸರ.”

ಹುಡುಗ ದಡ್ಡನಲ್ಲ. ಭತ್ತದ ಚೀಲಕ್ಕೆ ಬಂಬು ಚುಚ್ಚಿ ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು ತೇವ ಎಷ್ಟಿದೆಯೆಂದು ಹೇಳಬಲ್ಲವನು. ಕಾಳನ್ನು ಕಾಣದೆ ಒಂದು ಚೀಲವನ್ನೂ ಕೊಳ್ಳದ ಇಂಥವನು ಕುದುರೆಯನ್ನು ಮಾತ್ರ ಚಿತ್ರದಲ್ಲಿ ಕೊಳ್ಳಲು ಹೊರಟದ್ದೇಕೆ? ರಾಯರ ಹೆಸರು ಅದರ ಮೇಲಿತ್ತು, ಅದಕ್ಕೆ. ಆದ್ದರಿಂದ ರಾಯರಿಂದಲೇ ಆರಂಭಿಸೋಣ.

ಆನೆಗುಂದಿ ಎಂಬ ಹೆಸರನ್ನು ಜನ ಆನೆಯ ಗುಂಡಿ ಎಂದು ಬಿಡಿಸಿ ಹೇಳುತ್ತಾರೆ. ಆನೆ ನಮ್ಮ ಕಾಡಿನದು, ಅದನ್ನು ಹಿಡಿದು ಪಳಗಿಸಬಹುದಾಗಿತ್ತು. ಯುದ್ಧಕ್ಕೆ ಒದಗುವ ದೊಡ್ಡ ಕುದುರೆ ನಮ್ಮದಲ್ಲ. ಅದು ಅರಬಸ್ತಾನದಿಂದ, ಪಾರಸದಿಂದ, ಹೊರ್ಮುಜಿನ ರೇವಿನಿಂದ ಹಡಗೇರಿ ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದು ಘಟ್ಟ ಹತ್ತಿ ಬರಬೇಕಾಗಿತ್ತು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದು ನಿಂತ ಪರದೇಶಿ ವರ್ತಕರನ್ನು ನೋಡದವರಾರು? ವಿಠಲನ ಗುಡಿಗೆ ಹೋಗುವ ದಾರಿಯ ಕುದುರೆ ಗೊಂಬೆ ಮಂಟಪವೂ ಅದನ್ನೇ ನೆನಪಿಸುತ್ತದೆ.

ಈ ವ್ಯಾಪಾರ ಹೇಗಿತ್ತು? ಹದಿನಾರನೆಯ ಶತಮಾನದ ಪೋರ್ಚುಗೀಸ ಕುದುರೆ ವರ್ತಕ ನೂನಿಜ್ ಬರೆದಿಟ್ಟಿರುವುದನ್ನು ನೋಡಬಹುದು. ಸಾಳುವ ನರಸಿಂಹ ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಸತ್ತದ್ದಕ್ಕೂ ಬದುಕಿದ್ದಕ್ಕೂ ಒಂದೇ ಬೆಲೆ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಪೂರ್ತಿ ಹಣ ಎಣಿಸಿಕೊಡುತ್ತಿದ್ದನಂತೆ. ನೂನಿಜ್ ಇದನ್ನು ಬರೆದದ್ದು ನರಸಿಂಹ ತೀರಿ ಸುಮಾರು ಅರ್ಧ ಶತಮಾನವಾದ ಮೇಲೆ, ಕೇಳಿದ ಮಾತಿನ ಆಧಾರದಿಂದ. ಸ್ವಲ್ಪ ಉಪ್ಪುಖಾರ ಬೆರೆತಿದ್ದರೂ ಇರಬಹುದು. ಆದರೂ ಕತೆಯ ತಿರುಳು ಸ್ಪಷ್ಟ. ದಾರಿಯ ಗಂಡಾಂತರವನ್ನು ಹೊತ್ತವನು ಅರಸ, ವರ್ತಕನಲ್ಲ. ಹೊರಲು ಅವನಿಗೆ ರಾಜ್ಯದ ಬೊಕ್ಕಸವಿತ್ತು, ಹೊರುವುದಕ್ಕೆ ಕಾರಣವೂ ಇತ್ತು: ಕುದುರೆ ತನಗೆ ಬರದಿದ್ದರೆ ಉತ್ತರದ ಬಹಮನಿ ಸುಲ್ತಾನರಿಗೆ ಹೋಗುತ್ತಿತ್ತು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ಭಯವನ್ನೇ ಬಂಡವಾಳ ಮಾಡಿಕೊಂಡರು. ೧೫೪೭ರಲ್ಲಿ ಸದಾಶಿವರಾಯನ ಕಾಲದ ಕೌಲಿನಲ್ಲಿ ಗೋವೆಗೆ ಬರುವ ಕುದುರೆಗಳೆಲ್ಲ ವಿಜಯನಗರಕ್ಕೇ ಸಲ್ಲಬೇಕೆಂದು ಬರೆಯಿಸಿಕೊಳ್ಳಬೇಕಾಯಿತು.

ಇದೇ ನೂನಿಜ್ ಇನ್ನೊಂದು ಮಾತು ಹೇಳುತ್ತಾನೆ. ರಾಯನು ವರ್ಷಂಪ್ರತಿ ಹೊರ್ಮುಜಿನವೂ ನಾಡಿನವೂ ಸೇರಿ ಹದಿಮೂರು ಸಾವಿರ ಕುದುರೆ ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದ ನಾಡಕುದುರೆಗಳನ್ನು ಸಾವಿರ ಪರ್ದಾವಿಗೆ ಐದರಂತೆ ತನ್ನ ನಾಯಕರ ತಲೆಗೆ ಕಟ್ಟುತ್ತಿದ್ದನಂತೆ. ಹಣವನ್ನು ಅವರು ಗೊತ್ತಾದ ತಿಂಗಳೊಳಗೆ ಕಟ್ಟಲೇಬೇಕು. ಇದರಿಂದ ರಾಯನಿಗೆ ಒಳ್ಳೆಯ ಲಾಭ. ಪುಸ್ತಿಕೆಯವರು ಹೇಳುವ ಪರಂಪರೆ ನಿಜವಾಗಿ ಎಲ್ಲಾದರೂ ಇದ್ದರೆ ಇಲ್ಲಿ ಇದೆ: ಒಳ್ಳೆಯದನ್ನು ತಾನಿಟ್ಟುಕೊಂಡು ಮಿಕ್ಕಿದ್ದನ್ನು ಮರ್ಯಾದಸ್ತರಿಗೆ ಹಂಚುವ ಪರಂಪರೆ. ನಮ್ಮ ಗಿರಣಿ ಮಾಲೀಕರು ತಾವು ರಾಯರ ಸ್ಥಾನದಲ್ಲಿದ್ದೇವೆಂದು ಭಾವಿಸಿದ್ದಾರೆ. ಪುಸ್ತಿಕೆ ಅವರನ್ನು ಕೂರಿಸಿರುವುದು ಆ ನಾಯಕರ ಸಾಲಿನಲ್ಲಿ.

ಅಷ್ಟು ಹೊನ್ನು ಸುರಿದ ರಾಜ್ಯ ಆ ಕುದುರೆಗಳನ್ನು ಇಲ್ಲಿಯೇ ಸಾಕಿ ಬೆಳೆಸಲಾರದೆ ಹೋದದ್ದೇಕೆ? ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಅಲ್ಲಿ ಕುದುರೆಗೆ ಬೇಯಿಸಿದ ಅಕ್ಕಿ ತಿನ್ನಿಸುತ್ತಿದ್ದರೆಂದೂ, ಒಳ್ಳೆಯ ಗಂಡು ಹೆಣ್ಣು ಕೂಡಿಸಿದರೂ ಕಾಲು ತಿರುಚಿದ ಸಣಕಲು ಮರಿಗಳು ಹುಟ್ಟುತ್ತಿದ್ದವೆಂದೂ, ಕುದುರೆಯ ಶುಶ್ರೂಷೆ ಬಲ್ಲವರು ಇಲ್ಲದ್ದರಿಂದ ಬಂದ ಕುದುರೆಗಳು ಬೇಗ ಸಾಯುತ್ತಿದ್ದವೆಂದೂ ಬರೆದಿದ್ದಾನೆ. ಆ ಶುಶ್ರೂಷೆ ಬಲ್ಲವರನ್ನು ವರ್ತಕರೇ ಬರಗೊಡುತ್ತಿರಲಿಲ್ಲವಂತೆ. ಕುದುರೆ ಸತ್ತಷ್ಟೂ ಅವರಿಗೆ ಗಿರಾಕಿ. ನಮ್ಮ ಭಾಷೆಯಲ್ಲಿ ಅಶ್ವವೈದ್ಯ ಇರಲಿಲ್ಲವೆಂದಲ್ಲ. ಅಭಿನವಚಂದ್ರ ಅದರ ಮೇಲೆ ಗ್ರಂಥ ಬರೆದ. ಮೈಸೂರಿನ ಒಡೆಯರ ಕಾಲದಲ್ಲಿ ಪದ್ಮಣ ಪಂಡಿತ ‘ಹಯಸಾರ ಸಮುಚ್ಚಯ’ವನ್ನು ಬರೆದ. ವಿದ್ಯೆ ಓಲೆಯ ಗರಿಯ ಮೇಲಿತ್ತು. ಅದು ಲಾಯದ ಆಳಿನ ಕೈಗೆ ಎಷ್ಟು ಇಳಿದಿತ್ತೆಂಬುದು ಬೇರೆ ಮಾತು.

ಇನ್ನು ಪಾಲಿನ ವಿಚಾರ. ಈ ಪದ್ಧತಿ ಐರ್ಲೆಂಡು, ಇಂಗ್ಲೆಂಡು, ಅಮೆರಿಕೆಗಳಲ್ಲಿ ಹುಟ್ಟಿ ಬೆಳೆದದ್ದು. ಹಿಂದೆ ಒಂದು ಬೀಜದ ಕುದುರೆಗೆ ಒಂದು ಋತುವಿನಲ್ಲಿ ಸುಮಾರು ನಲವತ್ತು ಹೆಣ್ಣು ಕುದುರೆ ಎಂಬ ಅಂದಾಜಿತ್ತು. ಒಬ್ಬನೇ ಕೊಳ್ಳಲಾರದ ಬೆಲೆಯ ಕುದುರೆಯನ್ನು ನಲವತ್ತು ಜನ ಹೆಣ್ಣು ಕುದುರೆಯ ಒಡೆಯರು ಕೂಡಿ ಕೊಂಡು, ಒಬ್ಬೊಬ್ಬರು ವರ್ಷಕ್ಕೊಂದು ಸಲ ತಮ್ಮ ಕುದುರೆಯನ್ನು ಕೂಡಿಸಿಕೊಳ್ಳುತ್ತಿದ್ದರು. ಅದರಲ್ಲಿ ನ್ಯಾಯವಿದೆ, ನಾನು ಅಲ್ಲಗಳೆಯುವುದಿಲ್ಲ. ನಮ್ಮಲ್ಲಿಯೂ ನಾಲ್ಕು ಮನೆಯವರು ಸೇರಿ ಒಂದು ಕೂರಿಗೆ ಇಟ್ಟುಕೊಳ್ಳುವುದುಂಟು. ಆದರೆ ಕೂರಿಗೆಯ ಪಾಲು ಹೊಲ ಇದ್ದವನಿಗೆ. ಹೊಲವೇ ಇಲ್ಲದವನಿಗೆ ಕೂರಿಗೆಯ ಪಾಲು ಮಾರುವವನನ್ನು ಏನೆಂದು ಕರೆಯಬೇಕು?

ಹೆಣ್ಣು ಕುದುರೆಯಿಲ್ಲದವನ ಪಾಲಿನ ಬೆಲೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಒಂದೆರಡು ಕುದುರೆಗಳ ಕತೆಯಿಂದ ತಿಳಿಯಬಹುದು. ಅಮೆರಿಕೆಯ ಸೆಕ್ರೆಟೇರಿಯಟ್ ಎಂಬ ಕುದುರೆಯನ್ನು ೧೯೭೩ರ ಆರಂಭದಲ್ಲಿ, ಅದರ ದೊಡ್ಡ ಗೆಲುವುಗಳಿಗೆ ಮೊದಲೇ, ೩೨ ಪಾಲು ಮಾಡಿ ಮಾರಿದರು. ಪಾಲಿಗೆ ೧,೯೦,೦೦೦ ಡಾಲರು, ಒಟ್ಟು ೬೦,೮೦,೦೦೦. ಅದೇ ವರ್ಷ ಅದು ಬೆಲ್‌ಮಾಂಟ್ ಪಂದ್ಯವನ್ನು ೩೧ ಕುದುರೆಯುದ್ದದ ಅಂತರದಿಂದ ಗೆದ್ದಿತು. ಪಾಲುದಾರರು ಹಿಗ್ಗಿದರು. ಓಟ ಮುಗಿಸಿ ಲಾಯಕ್ಕೆ ಬಂದಾಗ ವೀರ್ಯ ಪರೀಕ್ಷೆಯಲ್ಲಿ ಏನೋ ಕೊರತೆ ಕಂಡಿತೆಂದು ಒಂದಷ್ಟು ಕಾಲ ಎಲ್ಲರ ಮುಖ ಬಾಡಿತು. ಆ ಗಂಡಾಂತರ ಕಳೆದು ಮರಿಗಳು ಹುಟ್ಟಿದವು. ತಂದೆಯಂಥ ಮಗ ಹುಟ್ಟಲೆಂದು ಹಣ ಕೊಟ್ಟಿದ್ದರು. ಅಂಥ ಮಗ ಹುಟ್ಟಲಿಲ್ಲ. ಸೆಕ್ರೆಟೇರಿಯಟ್ಟಿನ ಕೀರ್ತಿ ಉಳಿದದ್ದು ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದ ಮೊಮ್ಮಕ್ಕಳಿಂದ. ಇನ್ನೊಂದು ಕಡೆ, ನಾರ್ದರ್ನ್ ಡ್ಯಾನ್ಸರ್ ಎಂಬ ಗಿಡ್ಡ ಕುದುರೆಯನ್ನು ಎಳವೆಯಲ್ಲಿ ೨೫,೦೦೦ ಡಾಲರಿಗೆ ಕೊಡುತ್ತೇವೆಂದರೂ ಯಾರೂ ಕೊಳ್ಳಲಿಲ್ಲ. ಥರೋಬ್ರೆಡ್ ಲೋಕದ ಇತಿಹಾಸದಲ್ಲಿಯೇ ಅಷ್ಟು ಪ್ರಭಾವಶಾಲಿ ತಂದೆ ಅಪರೂಪವೆಂದು ಆಮೇಲೆ ಗೊತ್ತಾಯಿತು. ಬಲ್ಲವರೇ ಹೀಗೆ ಎಡವಿದ ಕಡೆ ಫೋಟೋ ನೋಡಿದ ನಮ್ಮ ಹುಡುಗನ ಗತಿಯೇನು?

ಹದಿನಾರು ಪಂದ್ಯ ಸತತವಾಗಿ ಗೆದ್ದ ಸಿಗಾರ್ ಎಂಬ ಕುದುರೆ ೧೯೯೬ರಲ್ಲಿ ಓಟ ನಿಲ್ಲಿಸಿ ಲಾಯಕ್ಕೆ ಬಂತು. ಒಂದು ಹೆಣ್ಣು ಕುದುರೆಗೂ ಗಬ್ಬ ನಿಲ್ಲಲಿಲ್ಲ. ವಿಮೆಯವರು ಹಣ ತೆತ್ತರು. ಐರ್ಲೆಂಡಿನ ಶೆರ್ಗಾರಿನ ಕತೆ ಇನ್ನೂ ವಿಚಿತ್ರ. ೧೯೮೧ರ ಡರ್ಬಿಯನ್ನು ಹತ್ತು ಕುದುರೆಯುದ್ದದಿಂದ ಗೆದ್ದ ಆ ಕುದುರೆಯನ್ನು ಒಂದು ಕೋಟಿ ಪೌಂಡಿಗೆ ಬೆಲೆ ಕಟ್ಟಿ ೪೦ ಪಾಲು ಮಾಡಿದರು; ಪಾಲಿಗೆ ಎರಡೂವರೆ ಲಕ್ಷ ಪೌಂಡು. ಒಡೆಯ ಆಗಾಖಾನ್ ಆರು ಪಾಲನ್ನು ಉಳಿಸಿಕೊಂಡು ಮಿಕ್ಕ ೩೪ನ್ನು ಮಾರಿದರು. ೧೯೮೩ರ ಫೆಬ್ರವರಿ ೮ರ ರಾತ್ರಿ ಮುಸುಕಿನವರು ಬಂದು ಕುದುರೆಯನ್ನು ಹೊಡೆದುಕೊಂಡು ಹೋದರು. ಅದರ ದೇಹ ಇಂದಿನವರೆಗೂ ಸಿಕ್ಕಿಲ್ಲ. ಸಾವಿಗೆಂದು ವಿಮೆ ಮಾಡಿಸಿ ಕಳವಿಗೆ ಮಾಡಿಸದಿದ್ದ ಪಾಲುದಾರರು ಕೈ ಹಿಸುಕಿಕೊಂಡರು, ಏಕೆಂದರೆ ಸತ್ತಿದೆಯೆಂದು ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಸಾಳುವ ನರಸಿಂಹನ ಕಾಲದಲ್ಲಾದರೆ ಬಾಲ ಸಾಕಾಗುತ್ತಿತ್ತು. ಇವರಿಗೆ ಬಾಲವೂ ಸಿಗಲಿಲ್ಲ.

ನಮ್ಮ ಪುಸ್ತಿಕೆಯಲ್ಲಿ ‘ವಿಮೆ’ ಎಂಬ ಮಾತು ಒಂದೇ ಕಡೆ ಬರುತ್ತದೆ. ಯಾವುದಕ್ಕೆ ವಿಮೆ, ಕಂತು ಕಟ್ಟುವವರು ಯಾರು, ಸಾವಿಗೋ ಕಳವಿಗೋ ಬಂಜೆತನಕ್ಕೋ ಎಂಬ ವಿವರ ಇಲ್ಲ. ಕುದುರೆ ಉಗುರುಬೇನೆಯಿಂದ ನಿಲ್ಲಲಾರದೆ ಮಲಗಿದರೆ—ಸೆಕ್ರೆಟೇರಿಯಟ್ ೧೯೮೯ರಲ್ಲಿ ಹತ್ತೊಂಬತ್ತರ ಪ್ರಾಯದಲ್ಲಿ ಮುಗಿದದ್ದು ಗೊರಸಿನ ಬೇನೆಯಿಂದಲೇ—ಆ ವರ್ಷದ ಖರ್ಚು ಯಾರದು? ನಲವತ್ತು ಪಾಲೆಂದರೆ ಮುಂದೆಯೂ ನಲವತ್ತು ಕುದುರೆಗೇ ಸೀಮಿತವೇ? ಈಗಿನ ಹೊರದೇಶದ ದೊಡ್ಡ ಲಾಯಗಳಲ್ಲಿ ಒಂದೊಂದು ಗಂಡಿಗೆ ನೂರೈವತ್ತು, ಇನ್ನೂರು ಹೆಣ್ಣು ಕುದುರೆ ಕೂಡಿಸುತ್ತಾರೆ. ಅಮೆರಿಕೆಯ ಜಾಕಿ ಕ್ಲಬ್ಬು ೨೦೨೦ರಲ್ಲಿ ಇದಕ್ಕೆ ೧೪೦ರ ಮಿತಿ ಹಾಕಹೊರಟಾಗ ಲಾಯಗಳ ಒಡೆಯರು ಕೋರ್ಟಿಗೆ ಹೋದರು. ೨೦೨೨ರಲ್ಲಿ ಕ್ಲಬ್ಬು ನಿಯಮವನ್ನು ಹಿಂದಕ್ಕೆ ಪಡೆಯಿತು. ಮರಿಗಳು ಹೆಚ್ಚಿದಷ್ಟೂ ಒಂದೊಂದು ಮರಿಯ ಬೆಲೆ ಇಳಿಯುತ್ತದೆ, ಮರಿಯ ಬೆಲೆ ಇಳಿದಂತೆ ಪಾಲಿನ ಬೆಲೆಯೂ ಇಳಿಯುತ್ತದೆ. ಇದನ್ನು ಅಡತಿ ಅಂಗಡಿಯವನಿಗೆ ವಿವರಿಸಿ ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಸೋನಾ ಮಸೂರಿಯ ದರ ಅವನು ದಿನವೂ ಕಾಣುವುದೇ.

ಕಾಲದ ಲೆಕ್ಕವನ್ನೂ ಹಾಕಿ. ಈ ವರ್ಷ ಕೂಡಿಸಿದರೆ ಹನ್ನೊಂದು ತಿಂಗಳಿಗೆ ಮರಿ. ಮರಿ ಓಟಕ್ಕೆ ಬರಬೇಕಾದರೆ ಎರಡು ವರ್ಷ ತುಂಬಬೇಕು. ಅಂದರೆ ಬೀಜ ಒಳ್ಳೆಯದೋ ಜೊಳ್ಳೋ ಎಂದು ತಿಳಿಯಲು ಸುಮಾರು ಮೂರು ನಾಲ್ಕು ವರ್ಷ. ಅಷ್ಟರೊಳಗೆ ಪಾಲು ಮಾರಿದವನ ಹಣ ಅವನ ಕೈ ಸೇರಿರುತ್ತದೆ.

ಆದರೆ ಇವೆಲ್ಲ ಕುದುರೆಯ ದೋಷ, ಅದೃಷ್ಟದ ದೋಷ. ನನ್ನ ಮುಖ್ಯ ಆಕ್ಷೇಪಣೆ ಬೇರೆ. ಬೀಜದ ಕುದುರೆಗೆ ಬೆಲೆ ಬರುವುದು ಮರಿಯಿಂದ. ಮರಿಗೆ ಬೆಲೆ ಬರುವುದು ಪಂದ್ಯದ ಬಹುಮಾನದಿಂದ. ಬಹುಮಾನದ ಹಣ ಕ್ಲಬ್ಬಿಗೆ ಬಹುಮಟ್ಟಿಗೆ ಜೂಜುಕಟ್ಟೆಯಿಂದ ಬರಬೇಕು. ಆದ್ದರಿಂದ ಬೀಜದ ಕುದುರೆಯಲ್ಲಿ ಪಾಲು ಹಿಡಿದವನು ಕುದುರೆಯಲ್ಲಿ ಪಾಲು ಹಿಡಿದಿಲ್ಲ, ಬೆಂಗಳೂರು ಮೈಸೂರುಗಳ ಪಂದ್ಯದ ಕಟಾಂಜನದ ಮುಂದೆ ಶನಿವಾರ ಭಾನುವಾರ ಕಾತರದಿಂದ ಸಾಲು ನಿಲ್ಲುವ ಬಡ ಗುಮಾಸ್ತನ ಜೇಬಿನಲ್ಲಿ ಪಾಲು ಹಿಡಿದಿದ್ದಾನೆ. ಕುದುರೆ ಪಂದ್ಯದ ಪಣ ಕೇವಲ ಜೂಜಲ್ಲ, ಕೌಶಲ್ಯದ ಆಟವೆಂದು ಸುಪ್ರೀಂ ಕೋರ್ಟು ೧೯೯೬ರಲ್ಲಿ ತೀರ್ಪಿತ್ತಿದೆ. ಅದನ್ನು ಮಾನ್ಯ ಮಾಡೋಣ. ಕುದುರೆಯ ಗುಣ ಅರಿತು ಪಣ ಕಟ್ಟುವವನಲ್ಲಿ ಕೌಶಲ್ಯವಿರಬಹುದು. ಸಂಬಳದ ದಿನ ಸಂಜೆಗೆ ಬರಿಗೈಯಾಗಿ ಮನೆಗೆ ಹೋದವನ ಹೆಂಡತಿಗೆ ಆ ತೀರ್ಪನ್ನು ಓದಿ ಹೇಳುವ ಧೈರ್ಯ ನನಗಿಲ್ಲ.

ಈ ಕಟ್ಟೆಯೂ ಈಗ ಗಟ್ಟಿಯಾಗಿ ನಿಂತಿಲ್ಲ. ೨೦೨೩ರ ಅಕ್ಟೋಬರ್ ೧ರಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇಕಡಾ ೨೮ ಜಿ.ಎಸ್.ಟಿ. ಬಂತು, ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ಶೇಕಡಾ ೪೦ ಆಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಮದರಾಸಿನ ಗಿಂಡಿ ಪಂದ್ಯದ ಮೈದಾನದ ಗುತ್ತಿಗೆಯನ್ನು ರದ್ದುಪಡಿಸಿ ಬೀಗಮುದ್ರೆ ಹಾಕಿತು. ಸರ್ಕಾರ ಜೂಜಿಗೆ ತೆರಿಗೆ ಹಾಕಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಜೂಜಿನ ಮೇಲೆ ನಿಂತ ಗಳಿಕೆಯನ್ನು ‘ಕೃಷಿಯಂಥ ನಿಶ್ಚಿತ ಆದಾಯ’ವೆಂದು ಗಂಗಾವತಿಯಲ್ಲಿ ಬಂದು ಹೇಳುವವರ ಎದೆಗಾರಿಕೆಗೆ ಬೆರಗಾಗುತ್ತಿದ್ದೇನೆ. ೨೦೨೪ರ ಆಗಸ್ಟಿನಲ್ಲಿ ತುಂಗಭದ್ರೆಯ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದಾಗ ನಿಶ್ಚಿತವೆಂಬುದು ಕೃಷಿಯಲ್ಲಿಯೇ ಎಷ್ಟಿದೆಯೆಂದು ನಾವು ಕಣ್ಣಾರೆ ಕಂಡವರು.

ಇಲ್ಲಿ ಪುಸ್ತಿಕೆಯ ಕಡೆಯವರು ಒಂದು ಮಾತು ಎತ್ತಬಹುದು: ನಿಮ್ಮ ಹಳ್ಳಿಯ ಹೋರಿಗೂ ಬೆಲೆಯಿಲ್ಲವೇ? ೨೦೨೧ರ ಬೆಂಗಳೂರಿನ ಕೃಷಿಮೇಳದಲ್ಲಿ ಒಂದು ಹಳ್ಳಿಕಾರ್ ಹೋರಿಗೆ ಕೋಟಿ ರೂಪಾಯಿ ಬೆಲೆಯೆಂದು ಪತ್ರಿಕೆಗಳಲ್ಲೆಲ್ಲ ಬರಲಿಲ್ಲವೇ? ಬಂತು. ಆದರೆ ಅದೇ ಸುದ್ದಿಯಲ್ಲಿ ಆ ಹೋರಿಯ ಒಂದು ಕಡ್ಡಿ ವೀರ್ಯಕ್ಕೆ ಸಾವಿರ ರೂಪಾಯಿ ಎಂದೂ ಇತ್ತು. ಒಂದು ಆಕಳಿದ್ದ ರೈತನೂ ಸಾವಿರ ಕೊಟ್ಟು ಆ ತಳಿಯನ್ನು ತನ್ನ ಕೊಟ್ಟಿಗೆಗೆ ತರಬಹುದು. ಥರೋಬ್ರೆಡ್ಡಿನಲ್ಲಿ ಹಾಗಿಲ್ಲ. ಅಲ್ಲಿ ಕೃತಕ ಗರ್ಭಧಾರಣೆಯೇ ನಿಷಿದ್ಧ. ಹಾಗೆ ಹುಟ್ಟಿದ ಮರಿಯನ್ನು ವಂಶಾವಳಿಯ ಪುಸ್ತಕಕ್ಕೆ ಸೇರಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಒಬ್ಬರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ೨೦೧೨ರಲ್ಲಿ ಅಲ್ಲಿನ ಫೆಡರಲ್ ಕೋರ್ಟು ನಿಷೇಧವನ್ನೇ ಎತ್ತಿಹಿಡಿಯಿತು. ಇದಕ್ಕೆ ಅವರು ಕೊಡುವ ಕಾರಣಗಳು ಹಲವಿರಬಹುದು. ಬೆಲೆ ಏರಿಸುವ ಕೊರತೆಯನ್ನು ಪ್ರಕೃತಿ ಮಾಡಿಲ್ಲ, ನಿಯಮ ಮಾಡಿದೆ ಎಂಬುದಂತೂ ದಿಟ. ನಾಳೆ ಆ ನಿಯಮ ಸಡಿಲಾದರೆ ನಲವತ್ತು ಪಾಲಿನ ಕಾಗದದಲ್ಲಿ ಉಳಿಯುವುದು ಅದರ ಹೊಳಪು ಒಂದೇ.

ನಮ್ಮಲ್ಲಿ ಬೀಜದ ಪಶುವಿನ ಪಾಲು ಎಂಬ ಭಾವನೆ ಬೇರೆ ರೀತಿ ಇತ್ತು. ಊರವರು ಒಳ್ಳೆಯದೊಂದು ಹೋರಿಗರುವನ್ನು ಆರಿಸಿ ದೇವರ ಹೆಸರಲ್ಲಿ ಬಿಡುತ್ತಿದ್ದರು. ಅದಕ್ಕೆ ಹಗ್ಗವಿಲ್ಲ, ಮೂಗುದಾರವಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ, ‘ಬಸವಣ್ಣ ಬಂದಾನ’ ಎಂದು ಎರಡು ತೆನೆ ಮುರಿದು ಹಾಕಬೇಕು. ಊರಿನ ಬಡವಿಯ ಬಡಕಲು ಆಕಳಿಗೂ ಗೌಡರ ಮನೆಯ ಆಕಳಿಗೂ ಅದೇ ಹೋರಿ. ಇದರಲ್ಲಿ ದೋಷವಿರಲಿಲ್ಲವೆಂದಲ್ಲ. ಬಿಟ್ಟ ಹೋರಿ ಯಾವಾಗಲೂ ಉತ್ತಮ ತಳಿಯದೇ ಆಗಿರುತ್ತಿತ್ತೆಂದು ಪಶುವೈದ್ಯರು ಒಪ್ಪಲಾರರು, ಬೆಳೆ ಹಾಳಾದವನ ಸಂಕಟವೂ ಸಣ್ಣದಲ್ಲ. ಆದರೂ ಅದರಲ್ಲಿ ಎಲ್ಲರಿಗೂ ಪಾಲಿತ್ತು, ಪಾಲಿನ ಕಾಗದ ಯಾರಲ್ಲಿಯೂ ಇರಲಿಲ್ಲ. ಇಂದು ಪಶು ಆಸ್ಪತ್ರೆಯ ಕಡ್ಡಿ ಆ ಬಸವಣ್ಣನ ಕೆಲಸವನ್ನು ಇನ್ನೂ ಚೊಕ್ಕವಾಗಿ ಮಾಡುತ್ತಿದೆ.

ಥರೋಬ್ರೆಡ್ಡಿನ ರಕ್ತದ ಕುಲೀನತೆಯ ಬಗ್ಗೆ ಪುಸ್ತಿಕೆ ಎರಡು ಪುಟ ಮೀಸಲಿಟ್ಟಿದೆ. ಕುಲ ಕುಲವೆಂದು ಹೊಡೆದಾಡುವವರನ್ನು ಹನ್ನೆರಡನೆಯ ಶತಮಾನದಲ್ಲಿಯೇ ತರಾಟೆಗೆ ತೆಗೆದುಕೊಂಡ ನಾಡಿನಲ್ಲಿ ಕುದುರೆಯ ಕುಲವನ್ನು ಹಾಡಿ ಹೊಗಳುವ ಕನ್ನಡ ಓದಿ ನನಗೆ ನಗು ಬಂತು. ಈ ಕುಲ ನಿಂತಿರುವುದು ಮೂರು ಗಂಡು ಕುದುರೆಗಳ ಮೇಲೆ: ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್. ಮೂರೂ ಪೂರ್ವದೇಶಗಳ ರಕ್ತ. ಹೆಸರು ಮಾತ್ರ ಆಂಗ್ಲ ಒಡೆಯರದು. ವಂಶಾವಳಿಯ ಪುಸ್ತಕ ಮೊದಲು ಅಚ್ಚಾದದ್ದು ೧೭೯೧ರಲ್ಲಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕ ಪ್ಯಾಟ್ರಿಕ್ ಕನ್ನಿಂಗ್‌ಹ್ಯಾಮ್ ೨೦೦೫ರ ಸುಮಾರಿಗೆ ತೋರಿಸಿಕೊಟ್ಟಂತೆ, ಇಂದಿನ ಗಂಡು ಥರೋಬ್ರೆಡ್ಡುಗಳಲ್ಲಿ ನೂರಕ್ಕೆ ತೊಂಬತ್ತೈದು ಡಾರ್ಲಿ ಅರೇಬಿಯನ್ ಒಂದರದೇ ಸಂತತಿ. ಇಷ್ಟು ಇಕ್ಕಟ್ಟಾದ ಬಾವಿಯಿಂದ ಮತ್ತೆ ಮತ್ತೆ ನೀರು ಸೇದುವುದಕ್ಕೆ ಕುಲೀನತೆ ಎಂದು ಹೆಸರು! ನಮ್ಮ ಹಳ್ಳಿಯ ಮುದುಕಿಯರು ಒಂದೇ ಮನೆತನದಲ್ಲಿ ಮೂರು ತಲೆಮಾರು ಕೊಟ್ಟು ತಂದರೆ ಗೊಣಗುತ್ತಿದ್ದರು.

ಕಾನೂನಿನ ಮಾತು ನನ್ನ ವಿಷಯವಲ್ಲ. ಆದರೂ ಇಷ್ಟು ಹೇಳಲೇಬೇಕು. ೧೯೯೦ರ ದಶಕದಲ್ಲಿ ತೇಗದ ಗಿಡದಲ್ಲಿ ಪಾಲು ಕೊಡುತ್ತೇವೆಂದು ಕಂಪೆನಿಗಳು ಊರೂರಿನ ಪಿಂಚಣಿದಾರರ ಗಂಟನ್ನು ಗುಡಿಸಿಕೊಂಡು ಹೋದ ಮೇಲೆ, ೧೯೯೯ರಲ್ಲಿ ಸೆಬಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮಾವಳಿ ತಂದಿತು. ಹಲವರ ಹಣವನ್ನು ಒಟ್ಟುಗೂಡಿಸುವುದು, ಲಾಭದ ಆಸೆ ತೋರಿಸುವುದು, ನಿರ್ವಹಣೆಯನ್ನು ಬೇರೊಬ್ಬರು ನಡೆಸುವುದು, ಹಣ ಕೊಟ್ಟವನಿಗೆ ದಿನದಿನದ ಹಿಡಿತವಿಲ್ಲದಿರುವುದು—ಇವೆಲ್ಲ ಕೂಡಿದ್ದು ಅಂಥ ಯೋಜನೆ. ‘ನೀವು ಏನನ್ನೂ ಮಾಡಬೇಕಾಗಿಲ್ಲ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದ ಪುಸ್ತಿಕೆಯಲ್ಲಿ ಮೊದಲ ಪುಟದಿಂದ ಕೊನೆಯವರೆಗೆ ಒಂದು ನೋಂದಣಿ ಸಂಖ್ಯೆಗಾಗಿ ಹುಡುಕಿದೆ, ಸಿಗಲಿಲ್ಲ. ೨೦೧೨ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ಎಮು ಹಕ್ಕಿಯ ಯೋಜನೆ ಕುಸಿದಾಗ ಹಣ ಕಟ್ಟಿದವರ ಅಂಗಳದಲ್ಲಿ ಹಕ್ಕಿಯಾದರೂ ಉಳಿದಿತ್ತು. ಇಲ್ಲಿ ಕುದುರೆಯ ನಲವತ್ತನೆಯ ಒಂದು ಭಾಗವನ್ನು ಯಾವ ಅಂಗಳದಲ್ಲಿ ಕಟ್ಟುವಿರಿ?

ಹಾಗೆಂದು ಕುದುರೆಯನ್ನೇ ನಾನು ಹಳಿಯುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಕುಮ್ಮಟದುರ್ಗದ ಕುಮಾರರಾಮನ ಕತೆಯಲ್ಲಿ ಬೊಲ್ಲನೆಂಬ ಕುದುರೆಯಿದೆ. ಆ 이ಹೆಸರನ್ನು ಕೇಳಿದರೆ ಇಂದಿಗೂ ನಮ್ಮ ಕಡೆಯ ಮುದುಕರ ಕಣ್ಣು ಅರಳುತ್ತದೆ. ಲಾಯದಲ್ಲಿ ದುಡಿಯುವ ಸಯಿಸನ ಮೇಲೆ, ಲಾಳ ಕಟ್ಟುವವನ ಮೇಲೆ ನನಗೆ ಗೌರವವಿದೆ. ಪಾಲಿನ ಕಾಗದ ಮಾರುವವನಿಗಿಂತ ಅವರಿಗೆ ಕುದುರೆ ಗೊತ್ತು.

ಕನ್ನಡಿಗರಿಗೆ ಬೀಜದ ಕುದುರೆಯಲ್ಲಿ ನಿಜವಾದ ಪಾಲು ಒಂದು ಕಡೆ ಇದೆ. ಅದು ಕುಣಿಗಲ್ಲಿನಲ್ಲಿ. ಜನಪದ ಹಾಡಿನಿಂದ ಕುಣಿಗಲ್ ಕೆರೆಯನ್ನು ಎಲ್ಲರೂ ಬಲ್ಲರು. ಅಲ್ಲಿನ ಕುದುರೆ ಫಾರಂ ಅಷ್ಟು ಜನಕ್ಕೆ ಗೊತ್ತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಟಿಪ್ಪುಗಳ ಕಾಲಕ್ಕೆ, ರಾವುತರ ದಂಡಿಗೆ ಕುದುರೆ ಒದಗಿಸಲು ಹುಟ್ಟಿದ ತಾಣ ಅದು. ಕಡಲಾಚೆಯ ವರ್ತಕನ ಮುಂದೆ ಕೈಯೊಡ್ಡದೆ ಇಲ್ಲಿಯೇ ಕುದುರೆ ಬೆಳೆಸಬೇಕೆಂಬ ಹಂಬಲ, ವಿಜಯನಗರಕ್ಕೆ ಕೈಗೂಡದ ಹಂಬಲ, ಅಲ್ಲಿ ಮೊಳೆಯಿತು. ಅರಸೊತ್ತಿಗೆಗಳು ಹೋದವು, ಆಂಗ್ಲರು ಹೋದರು. ನಾನೂರಕ್ಕೂ ಹೆಚ್ಚು ಎಕರೆಯ ಆ ಹುಲ್ಲುಗಾವಲು ಸರ್ಕಾರದ ಆಸ್ತಿಯಾಗಿ ಉಳಿಯಿತು. ೧೯೯೨ರಲ್ಲಿ ಅದನ್ನು ವಿಜಯ್ ಮಲ್ಯರ ಸಮೂಹದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಎಂಬ ಕಂಪೆನಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟರು. ದಂಡಿನ ಕುದುರೆಯ ಲಾಯ ಪಂದ್ಯದ ಕುದುರೆಯ ಲಾಯವಾಗಿ ಮುಂದುವರಿಯಿತು. ಮಲ್ಯರು ೨೦೧೬ರ ಮಾರ್ಚಿನಲ್ಲಿ ದೇಶ ಬಿಟ್ಟರು. ಗುತ್ತಿಗೆಯ ಅವಧಿ ೨೦೨೨ಕ್ಕೆ ಮುಗಿಯಿತು. ಅನಂತರ ಆ ಭೂಮಿಯಲ್ಲಿ ಉಪನಗರ ಕಟ್ಟುವ ಪ್ರಸ್ತಾಪ ಬಂತು, ಬೆಂಗಳೂರಿನ ಟರ್ಫ್ ಕ್ಲಬ್ಬನ್ನು ಅಲ್ಲಿಗೆ ಸಾಗಿಸುವ ಮಾತೂ ಬಂತು, ಪಾರಂಪರಿಕ ತಾಣವೆಂದು ಉಳಿಸಿಕೊಳ್ಳಬೇಕೆಂಬ ಕೂಗೂ ಎದ್ದಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ನೆಲದಲ್ಲಿ ಮನೆಯ ನಿವೇಶನಗಳೂ ಬೇಡ, ಜೂಜುಕಟ್ಟೆಯೂ ಬೇಡ. ಭೀಮೆಯ ತಡಿಯ ಕುದುರೆಗೆ ಭೀಮ್‌ಥಡಿ ಎಂದು ಹೆಸರು. ತಡಿ ಎಂಬ ಮಾತು ಕನ್ನಡಕ್ಕೂ ಮರಾಠಿಗೂ ಸಮಾನ. ಗಿಡ್ಡ ಮೈ, ಗಟ್ಟಿ ಗೊರಸು, ಒಣಹುಲ್ಲಿನಲ್ಲಿಯೂ ಬದುಕುವ ಜೀವ. ಮರಾಠರ ದಂಡನ್ನು ಹೊತ್ತದ್ದು ಅದು. ಈಗ ಕುರಿಗಾರರ ಗಂಟುಮೂಟೆ, ಎಳೆಯ ಮರಿ, ಅಡುಗೆಯ ಪಾತ್ರೆ ಹೊತ್ತು ದಖನ್ನಿನ ಬಯಲಿನಲ್ಲಿ ಅಲೆಯುತ್ತಿದೆ. ಈಚೆಗಷ್ಟೇ ಅದನ್ನು ಪ್ರತ್ಯೇಕ ತಳಿಯೆಂದು ಸರ್ಕಾರದ ಪಟ್ಟಿಗೆ ಸೇರಿಸಿದ್ದಾರೆ. ಅದರ ನಾಲ್ಕು ಒಳ್ಳೆಯ ಗಂಡುಗಳನ್ನು ಕುಣಿಗಲ್ಲಿನಲ್ಲಿ ಕಟ್ಟಲಿ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಹುಡುಗರು ಅಲ್ಲಿ ಹೋಗಿ ಕಲಿಯಲಿ. ಲಾಳ ಕಟ್ಟುವ ವಿದ್ಯೆಗೆ ಒಂದು ಶಾಲೆಯಾಗಲಿ. ಹೆಣ್ಣು ಕುದುರೆ ತಂದ ಕುರಿಗಾರನಿಂದ ಹುಲ್ಲಿನ ಖರ್ಚು ಮಾತ್ರ ತೆಗೆದುಕೊಳ್ಳಲಿ. ಅದಕ್ಕೂ ಮೊದಲು, ೧೯೯೨ರಿಂದ ೨೦೨೨ರವರೆಗಿನ ಗುತ್ತಿಗೆಯ ಕರಾರನ್ನೂ, ಬೊಕ್ಕಸಕ್ಕೆ ಬಂದ ಹಣದ ಲೆಕ್ಕವನ್ನೂ ವರ್ಷವಾರು ಅಚ್ಚು ಹಾಕಿಸಿ ವಿಧಾನಮಂಡಲದ ಮುಂದೆ ಇಡಲಿ. ೨೦೧೧ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿ ೬ ಕೋಟಿ ೧೧ ಲಕ್ಷ ಜನರಿದ್ದರು. ಆ ಫಾರಮಿನ ಪಾಲುದಾರರು ಅವರು. ಲೆಕ್ಕ ಕೇಳುವ ಅಧಿಕಾರ ಅವರಿಗಿದೆ, ನಮ್ಮ ಕ್ಷೇತ್ರದ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಕೇಳಬಹುದು.